ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಭಾರತದಲ್ಲಿ ಜನಿಸಿದ ಬ್ರಿಟಿಷ್ ವೈದ್ಯರು ಹಾಗೂ ವಿಜ್ಞಾನಿ. ಮಲೇರಿಯಾ ರೋಗವು ಸೊಳ್ಳೆಗಳ ಮೂಲಕ ಹರಡುತ್ತದೆ ಎಂಬುದನ್ನು ಸಾಬೀತುಪಡಿಸಿದ್ದಕ್ಕಾಗಿ ಅವರಿಗೆ 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಪ್ರಶಸ್ತಿ ಪಡೆದ ಮೊದಲ ಬ್ರಿಟಿಷ್ ಪ್ರಜೆ ಅವರು. ಅವರ ಪ್ರಮುಖ ಶೋಧಗಳು ಸಿಕಂದರಾಬಾದ್ ಮತ್ತು ಕಲ್ಕತ್ತಗಳಲ್ಲಿ ನಡೆದವು. ಆದರೆ ಸೊಳ್ಳೆಗಳ ಉತ್ಪತ್ತಿಯನ್ನು ಅವರು ಮೊದಲು ಗಮನಿಸಿದ್ದು ಬೆಂಗಳೂರಿನಲ್ಲಿ. ನಗರ ನೈರ್ಮಲ್ಯದ ಆಡಳಿತವನ್ನು ಸ್ವತಃ ನಿರ್ವಹಿಸಿ ಕಲಿತದ್ದೂ ಇಲ್ಲಿಯೇ. ಶೋಧದ ನಂತರದ ಮೂವತ್ತು ವರ್ಷಗಳನ್ನು ಅವರು ಬಹುಮಟ್ಟಿಗೆ ಒಂದೇ ಕಾರ್ಯಕ್ಕೆ ಮೀಸಲಿಟ್ಟರು. ರೋಗದ ಕಾರಣ ತಿಳಿದ ಮೇಲೆ ಅದನ್ನು ತಡೆಯುವುದು ಸರ್ಕಾರಗಳ ಕರ್ತವ್ಯ ಎಂದು ಆಡಳಿತಗಾರರಿಗೆ ಮನವರಿಕೆ ಮಾಡಿಕೊಡುವುದೇ ಆ ಕಾರ್ಯ.

ಜನನ ಮತ್ತು ವಿದ್ಯಾಭ್ಯಾಸ

ರಾಸ್ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಕ್ಯಾಂಪ್‌ಬೆಲ್ ಕ್ಲೇ ಗ್ರ್ಯಾಂಟ್ ರಾಸ್ ಭಾರತೀಯ ಸೇನೆಯ ಅಧಿಕಾರಿಯಾಗಿದ್ದು, ಮುಂದೆ ಜನರಲ್ ಹುದ್ದೆಗೇರಿದರು. ತಾಯಿ ಮಟಿಲ್ಡಾ ಷಾರ್ಲೆಟ್. ಎಂಟನೆಯ ವಯಸ್ಸಿನಲ್ಲಿ ರೊನಾಲ್ಡ್ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಬಾಲ್ಯದಿಂದಲೂ ಅವರಿಗೆ ಕಾವ್ಯ, ಸಂಗೀತ, ಚಿತ್ರಕಲೆ ಮತ್ತು ಗಣಿತದಲ್ಲಿ ಹೆಚ್ಚಿನ ಆಸಕ್ತಿಯಿತ್ತು. ವೈದ್ಯರಾಗುವ ಇಚ್ಛೆ ಅವರದಾಗಿರಲಿಲ್ಲ. ತಂದೆಯ ಒತ್ತಾಯದಿಂದ ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು.

ವ್ಯಾಸಂಗದಲ್ಲಿ ಅವರು ವಿಶೇಷ ಸಾಧನೆ ತೋರಲಿಲ್ಲ. ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾದರು. ಅದೇ ವರ್ಷ ಮದ್ರಾಸ್ ಪ್ರಾಂತ್ಯದ ಸೇನಾ ಆಸ್ಪತ್ರೆಗಳಲ್ಲಿ ಕೆಲಸ ಆರಂಭಿಸಿದರು. ಬಿಡುವಿನ ವೇಳೆಯಲ್ಲಿ ಗಣಿತವನ್ನು ಸ್ವಂತವಾಗಿ ಅಭ್ಯಾಸ ಮಾಡುತ್ತಿದ್ದರು. ಕವಿತೆ ಮತ್ತು ಕಾದಂಬರಿಗಳನ್ನೂ ಬರೆದರು.

ಬೆಂಗಳೂರಿನಲ್ಲಿ ಮೊದಲ ವಾಸ

1883ರಲ್ಲಿ ರಾಸ್ ಅವರು ಬೆಂಗಳೂರು ದಂಡು ಪ್ರದೇಶದಲ್ಲಿ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ನೇಮಕಗೊಂಡರು. ಅವರು ವಾಸಿಸುತ್ತಿದ್ದ ಬಂಗಲೆ ಅನುಕೂಲಕರವಾಗಿದ್ದರೂ ಅಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಅಕ್ಕಪಕ್ಕದ ಮನೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆಗಳು ಹೆಚ್ಚಾಗಿರುವುದೇಕೆಂದು ಹುಡುಕಿದಾಗ, ಕಿಟಕಿಯ ಹೊರಗೆ ಇರಿಸಿದ್ದ ನೀರಿನ ತೊಟ್ಟಿಯೊಂದು ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿದ್ದವು. ತೊಟ್ಟಿಯನ್ನು ಬರಿದು ಮಾಡಿಸಿದ ಮೇಲೆ ಸೊಳ್ಳೆಗಳು ಗಣನೀಯವಾಗಿ ಕಡಿಮೆಯಾದವು.

ರಾಸ್ ಈ ಸಂಗತಿಯನ್ನು ಪಡೆಯ ಅಜುಟಂಟ್ ಅಧಿಕಾರಿಗೆ ತಿಳಿಸಿ, ಅಧಿಕಾರಿಗಳ ಭೋಜನಗೃಹದ ಸುತ್ತಲಿನ ಹೂದಾನಿ, ಡಬ್ಬಿ ಮತ್ತು ತೊಟ್ಟಿಗಳಲ್ಲಿ ನಿಂತ ನೀರನ್ನೂ ಚೆಲ್ಲಿಸಬೇಕೆಂದು ಸಲಹೆ ಮಾಡಿದರು. ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸುವುದು ಸರಿಯಲ್ಲ, ಸೊಳ್ಳೆಗಳನ್ನು ಸಹಿಸಿಕೊಳ್ಳುವುದೇ ಮನುಷ್ಯನ ಪಾಲಿಗೆ ಬಂದದ್ದು ಎಂಬ ಕಾರಣ ನೀಡಿ ಆ ಅಧಿಕಾರಿ ಸಲಹೆಯನ್ನು ತಳ್ಳಿಹಾಕಿದರು. ಸೊಳ್ಳೆಗೂ ರೋಗಕ್ಕೂ ಇರುವ ಸಂಬಂಧ ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಆದರೆ ಸೊಳ್ಳೆಗಳನ್ನು ಅವು ಹುಟ್ಟುವ ಸ್ಥಳದಲ್ಲಿಯೇ ತಡೆಯಬಹುದು ಎಂಬ ಅರಿವು ಮತ್ತು ಆಡಳಿತದ ನಿರಾಸಕ್ತಿಯ ಮೊದಲ ಅನುಭವ ಅವರಿಗೆ ಒಂದೇ ಸಂದರ್ಭದಲ್ಲಿ ಉಂಟಾದವು. ತಮ್ಮ ಆತ್ಮಚರಿತ್ರೆಯಲ್ಲಿ ಅವರು ಈ ಘಟನೆಯನ್ನು ವಿವರಿಸಿದ್ದಾರೆ.

ಮಲೇರಿಯಾ ಅಧ್ಯಯನದ ಆರಂಭ

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ ರಾಸ್ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದು, ಸೂಕ್ಷ್ಮಜೀವಿಶಾಸ್ತ್ರದ ತರಬೇತಿಯನ್ನೂ ಪೂರೈಸಿದರು. 1889ರಲ್ಲಿ ರೋಸಾ ಬೆಸ್ಸಿ ಬ್ಲಾಕ್ಸಮ್ ಅವರನ್ನು ವಿವಾಹವಾಗಿ ಭಾರತಕ್ಕೆ ಮರಳಿದರು.

ಫ್ರೆಂಚ್ ವೈದ್ಯ ಷಾರ್ಲ್ ಲಾವೆರಾನ್ 1880ರಲ್ಲಿಯೇ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಪರೋಪಜೀವಿಯೊಂದನ್ನು ಕಂಡುಹಿಡಿದಿದ್ದರು. ಆದರೂ ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಎಂಬ ಹಳೆಯ ನಂಬಿಕೆ ಅಳಿದಿರಲಿಲ್ಲ. ರೋಗದ ಹೆಸರೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂಬ ಅರ್ಥವುಳ್ಳದ್ದು. ರಾಸ್ ಅವರು ಆರಂಭದಲ್ಲಿ ಲಾವೆರಾನ್ ಅವರ ಶೋಧವನ್ನು ಒಪ್ಪಿರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿದರು. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಮ್ಯಾನ್ಸನ್ ಈ ಮೊದಲೇ ಪತ್ತೆಹಚ್ಚಿದ್ದರು. ಮಲೇರಿಯಾದಲ್ಲಿಯೂ ಸೊಳ್ಳೆಯ ಪಾತ್ರವಿರಬೇಕು ಎಂಬುದು ಅವರ ಊಹೆಯಾಗಿತ್ತು. ರೋಗಿಯ ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆ ಎಂದು ಅವರು ಭಾವಿಸಿದ್ದರು. ಈ ಊಹೆಯನ್ನು ಪರೀಕ್ಷಿಸುವ ಉದ್ದೇಶದಿಂದ 1895ರಲ್ಲಿ ರಾಸ್ ಭಾರತಕ್ಕೆ ಹಿಂದಿರುಗಿ, ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು.

ಬೆಂಗಳೂರಿನ ಕಾಲರಾ ಕರ್ತವ್ಯ

ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡ ಕಾರಣ ರಾಸ್ ಅವರನ್ನು ಅಲ್ಲಿಗೆ ನಿಯೋಜಿಸಲಾಯಿತು. ಆ ಕಾಲದ ಬೆಂಗಳೂರು ಎರಡು ಆಡಳಿತಗಳಿಗೆ ಒಳಪಟ್ಟಿತ್ತು. ಪೇಟೆಯ ಭಾಗ ಮೈಸೂರು ಮಹಾರಾಜರ ಸರ್ಕಾರದ ಅಧೀನದಲ್ಲಿದ್ದರೆ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಯಲಾಗುತ್ತಿದ್ದ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಸೇರಿತ್ತು. ರಾಸ್ ಅವರ ಹೊಣೆ ದಂಡು ಪ್ರದೇಶಕ್ಕೆ ಸಂಬಂಧಿಸಿದುದಾಗಿತ್ತು.

ಕಾಲರಾ ತಗ್ಗಿದ ಮೇಲೂ ಅವರು ಅಲ್ಲಿಯೇ ಉಳಿದು ನೈರ್ಮಲ್ಯ ಸುಧಾರಣೆಯ ಕೆಲಸ ಮಾಡಿದರು. ಬಾವಿಗಳ ಸ್ಥಿತಿ, ಚರಂಡಿಗಳು, ಕಸ ವಿಲೇವಾರಿ, ಕಿಕ್ಕಿರಿದ ಬೀದಿಗಳು ಇವೆಲ್ಲವೂ ಅವರ ಪರಿಶೀಲನೆಗೆ ಒಳಪಟ್ಟವು. ದಂಡು ಪ್ರದೇಶದ ಕಾಲರಾ, ಸಾಮಾನ್ಯ ನೈರ್ಮಲ್ಯ ಮತ್ತು ನೈರ್ಮಲ್ಯ ಇಲಾಖೆಯ ನಿಯಮಗಳನ್ನು ಕುರಿತು ಅವರು ವಿಸ್ತಾರವಾದ ವರದಿಯೊಂದನ್ನು ಸಿದ್ಧಪಡಿಸಿದರು. ಊರನ್ನು ಶುಚಿಯಾಗಿಡಲು ವೈದ್ಯರ ಜ್ಞಾನವೊಂದೇ ಸಾಲದು. ಕೆಲಸಗಾರರು, ಮೇಲ್ವಿಚಾರಕರು, ನಿಯಮಗಳು ಮತ್ತು ನಿರಂತರವಾದ ಹಣಕಾಸು ಬೇಕು ಎಂಬುದು ಅವರಿಗೆ ಇಲ್ಲಿ ಸ್ಪಷ್ಟವಾಯಿತು. ಮುಂದೆ ಅವರು ರೂಪಿಸಿದ ಸೊಳ್ಳೆ ನಿರ್ಮೂಲನ ಯೋಜನೆಗಳಲ್ಲಿ ಈ ಅನುಭವದ ಛಾಯೆ ಕಾಣುತ್ತದೆ.

ಮಲೇರಿಯಾ ಸಂಶೋಧನೆಗೆ ಮಾತ್ರ ಬೆಂಗಳೂರು ಅನುಕೂಲಕರವಾಗಿರಲಿಲ್ಲ. ಇಲ್ಲಿ ಮಲೇರಿಯಾ ರೋಗಿಗಳು ವಿರಳವಾಗಿದ್ದರು. ಸುಲಭವಾಗಿ ಸಿಗುತ್ತಿದ್ದ ಬೂದುಬಣ್ಣದ ಮತ್ತು ಪಟ್ಟೆಯುಳ್ಳ ಸೊಳ್ಳೆಗಳನ್ನು ಬಳಸಿ ರಾಸ್ ಪ್ರಯೋಗ ನಡೆಸುತ್ತಿದ್ದರು. ಅವು ಇಂದು ಕ್ಯೂಲೆಕ್ಸ್ ಮತ್ತು ಈಡಿಸ್ ಎಂದು ಕರೆಯಲಾಗುವ ಜಾತಿಗಳವು. ಮಾನವ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಅಲ್ಲ. ಸೊಳ್ಳೆ ಸತ್ತ ನೀರಿಗಿಂತ ಅದರ ಕಡಿತವೇ ರೋಗಕ್ಕೆ ಕಾರಣವಿರಬಹುದು ಎಂಬ ಅನುಮಾನ 1896ರಲ್ಲಿ ಅವರಲ್ಲಿ ಬಲವಾಯಿತು. ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನ್ ಒಬ್ಬರು ರೋಗಿಯ ರಕ್ತ ಹೀರಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಸ್ವಇಚ್ಛೆಯಿಂದ ಮುಂದೆ ಬಂದರು. ಬಳಸಿದ ಸೊಳ್ಳೆಗಳ ಜಾತಿ ಬೇರೆಯಾಗಿದ್ದುದರಿಂದ ಆ ಪ್ರಯೋಗ ಫಲ ನೀಡಲಿಲ್ಲ.

1897ರಲ್ಲಿ ರಾಸ್ ರಜೆ ಪಡೆದು ಊಟಿಗೆ ಹೋದರು. ಅಲ್ಲಿಂದ ಮೈಸೂರಿನ ಕಡೆಗೆ ಇಳಿಯುವ ಸೀಗೂರು ಘಾಟಿಯ ಮಲೇರಿಯಾ ಪೀಡಿತ ಪ್ರದೇಶವನ್ನು ಪರಿಶೀಲಿಸಲು ತೆರಳಿದಾಗ ಅವರಿಗೇ ಮಲೇರಿಯಾ ತಗಲಿತು. ಚೇತರಿಸಿಕೊಂಡು ಅದೇ ವರ್ಷದ ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಮರಳಿದರು.

ಸಿಕಂದರಾಬಾದಿನ ಶೋಧ

ಬೇಗಂಪೇಟೆಯ ಸೇನಾ ಆಸ್ಪತ್ರೆಯಲ್ಲಿ ರಾಸ್ ನೂರಾರು ಸೊಳ್ಳೆಗಳನ್ನು ಸೀಳಿ ಪರೀಕ್ಷಿಸಿದರು. ಬೇಸಿಗೆಯ ಸೆಕೆಯಲ್ಲಿ, ಸೊಳ್ಳೆಯ ಸೂಕ್ಷ್ಮ ಭಾಗಗಳು ಹಾರಿಹೋಗುತ್ತವೆ ಎಂಬ ಕಾರಣದಿಂದ ಪಂಖಾ ಕೂಡ ಬಳಸದೆ ಅವರು ಕೆಲಸ ಮಾಡಬೇಕಾಗಿತ್ತು. ಆಗಸ್ಟ್ ತಿಂಗಳಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಬೇರೆ ಬಗೆಯ ಸೊಳ್ಳೆಯ ಮರಿಹುಳುಗಳನ್ನು ಅವರ ಸಹಾಯಕರು ತಂದುಕೊಟ್ಟರು. ಅವುಗಳಿಂದ ಹೊರಬಂದ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೇಲೆ ಬಿಟ್ಟು ರಕ್ತ ಹೀರಿಸಲಾಯಿತು. ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಅವರಿಗೆ ಹಣ ನೀಡಲಾಯಿತು.

1897ರ ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲಿ ಒಂದನ್ನು ಸೀಳಿದಾಗ, ಅದರ ಜಠರದ ಗೋಡೆಯಲ್ಲಿ ಕಪ್ಪು ವರ್ಣಕಣಗಳಿರುವ ದುಂಡನೆಯ ಕೋಶಗಳು ಕಂಡುಬಂದವು. ಮನುಷ್ಯನ ರಕ್ತದಲ್ಲಿರುವ ಮಲೇರಿಯಾ ಜೀವಿಯಲ್ಲಿಯೂ ಅದೇ ಬಗೆಯ ವರ್ಣಕಣಗಳಿರುತ್ತವೆ. ಮರುದಿನ ಪರೀಕ್ಷಿಸಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿ ಬೆಳೆದಿದ್ದವು. ಪರೋಪಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆಯಾಯಿತು. ಈ ಶೋಧದ ವಿವರ ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆಗಸ್ಟ್ 20ನ್ನು ಈಗ ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ.

ಕಲ್ಕತ್ತದ ಪ್ರಯೋಗಗಳು

ಶೋಧ ಪೂರ್ಣಗೊಳ್ಳುವ ಮೊದಲೇ ರಾಸ್ ಅವರನ್ನು ರಾಜಪುತಾನದ ಖೇರ್ವಾಡಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಮಲೇರಿಯಾ ರೋಗಿಗಳು ಸಿಗದೆ ಕೆಲಸ ಸ್ಥಗಿತಗೊಂಡಿತು. ಮ್ಯಾನ್ಸನ್ ಅವರ ಪ್ರಯತ್ನದ ಫಲವಾಗಿ 1898ರ ಫೆಬ್ರವರಿಯಲ್ಲಿ ಅವರಿಗೆ ಕಲ್ಕತ್ತದಲ್ಲಿ ವಿಶೇಷ ಕರ್ತವ್ಯ ದೊರೆಯಿತು. ಆ ಸಮಯದಲ್ಲಿ ಪ್ಲೇಗ್ ಭೀತಿಯಿಂದ ಜನರು ಸರ್ಕಾರಿ ವೈದ್ಯರನ್ನು ನಂಬುತ್ತಿರಲಿಲ್ಲ. ರಕ್ತಪರೀಕ್ಷೆಗೆ ರೋಗಿಗಳು ಒಪ್ಪದ ಕಾರಣ ರಾಸ್ ಹಕ್ಕಿಗಳ ಮಲೇರಿಯಾವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಕಿಶೋರಿ ಮೋಹನ್ ಬಂದ್ಯೋಪಾಧ್ಯಾಯ ಮತ್ತು ಮಹಮ್ಮದ್ ಬಕ್ಷ್ ಅವರ ಸಹಾಯಕರಾಗಿದ್ದರು.

ಸೊಳ್ಳೆಯ ಜಠರದಲ್ಲಿ ಬೆಳೆದ ಜೀವಿಗಳು ಒಡೆದು, ಅದರ ಜೊಲ್ಲುಗ್ರಂಥಿಗಳನ್ನು ಸೇರುತ್ತವೆ ಎಂಬುದನ್ನು ಅವರು 1898ರ ಜುಲೈ ತಿಂಗಳಲ್ಲಿ ಕಂಡುಹಿಡಿದರು. ಸೋಂಕಿತ ಸೊಳ್ಳೆಗಳಿಂದ ಕಚ್ಚಿಸಿದ ಆರೋಗ್ಯವಂತ ಗುಬ್ಬಿಗಳಿಗೆ ರೋಗ ತಗಲಿತು. ಹೀಗೆ ಕಡಿತದಿಂದಲೇ ರೋಗ ಹರಡುತ್ತದೆ ಎಂಬುದು ದೃಢಪಟ್ಟಿತು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಜೊವಾನಿ ಬತಿಸ್ತಾ ಗ್ರಾಸಿ ಮತ್ತು ಅವರ ಸಹೋದ್ಯೋಗಿಗಳು ಅನಾಫಿಲಿಸ್ ಸೊಳ್ಳೆಯಲ್ಲಿ ಮಾನವ ಮಲೇರಿಯಾ ಜೀವಿಯ ಪೂರ್ಣ ಚಕ್ರವನ್ನು ನಿರೂಪಿಸಿದರು. ಶೋಧದ ಮೊದಲ ಹಕ್ಕು ಯಾರದೆಂಬ ವಿಷಯದಲ್ಲಿ ರಾಸ್ ಮತ್ತು ಗ್ರಾಸಿ ಅವರ ನಡುವೆ ಉಂಟಾದ ಕಟುವಾದ ವಿವಾದ ಇಬ್ಬರ ಜೀವಿತಾವಧಿಯಲ್ಲಿಯೂ ಬಗೆಹರಿಯಲಿಲ್ಲ. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದಿತು.

ಸೊಳ್ಳೆ ದಳಗಳು

1899ರಲ್ಲಿ ಭಾರತವನ್ನು ತೊರೆದ ರಾಸ್ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಸ್ತ್ರ ಶಾಲೆಯಲ್ಲಿ ಅಧ್ಯಾಪಕರಾದರು. ಅದೇ ವರ್ಷ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೋಗಿ ಅಲ್ಲಿನ ಅನಾಫಿಲಿಸ್ ಸೊಳ್ಳೆಗಳನ್ನು ಅಧ್ಯಯನ ಮಾಡಿದರು. 1901ರಲ್ಲಿ ಅಲ್ಲಿನ ಫ್ರೀಟೌನ್ ನಗರದಲ್ಲಿ ಕೂಲಿಯಾಳುಗಳ ತಂಡಗಳನ್ನು ರಚಿಸಿ, ಗುಂಡಿಗಳನ್ನು ಮುಚ್ಚಿಸುವುದು, ನಿಂತ ನೀರಿಗೆ ಎಣ್ಣೆ ಹಾಕಿಸುವುದು, ಮನೆಗಳ ಸುತ್ತಲಿನ ಡಬ್ಬಿ ಮತ್ತು ಮಡಕೆ ಚೂರುಗಳನ್ನು ತೆಗೆಸುವುದು ಮುಂತಾದ ಕೆಲಸಗಳನ್ನು ಕೈಗೊಂಡರು. ಇದಕ್ಕೆ ಹಣ ಬಂದದ್ದು ಸರ್ಕಾರದಿಂದಲ್ಲ, ಸ್ಕಾಟ್ಲೆಂಡಿನ ದಾನಿಯೊಬ್ಬರಿಂದ. ಈ ತಂಡಗಳ ರಚನೆ ಮತ್ತು ನಿರ್ವಹಣೆಯನ್ನು ವಿವರಿಸುವ ಕೈಪಿಡಿಯನ್ನು ಅವರು 1902ರಲ್ಲಿ ಪ್ರಕಟಿಸಿದರು. ಪ್ರತಿ ಊರಿನಲ್ಲಿಯೂ ಸೊಳ್ಳೆ ನಿಯಂತ್ರಣಕ್ಕೆಂದೇ ಒಬ್ಬ ಹೊಣೆಗಾರ ಅಧಿಕಾರಿ ಮತ್ತು ವರ್ಷಪೂರ್ತಿ ಕೆಲಸ ಮಾಡುವ ಕಾಯಂ ತಂಡವಿರಬೇಕು ಎಂಬುದು ಅದರ ತಿರುಳು.

1902ರಲ್ಲಿ ಸೂಯೆಜ್ ಕಾಲುವೆ ಕಂಪನಿಯ ಆಹ್ವಾನದ ಮೇರೆಗೆ ರಾಸ್ ಈಜಿಪ್ಟಿನ ಇಸ್ಮಾಯಿಲಿಯಾ ಪಟ್ಟಣಕ್ಕೆ ಭೇಟಿ ನೀಡಿದರು. ಅಲ್ಲಿ ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಮಲೇರಿಯಾ ಪ್ರಕರಣಗಳು ದಾಖಲಾಗುತ್ತಿದ್ದವು. ಜೌಗು ನೆಲವನ್ನು ಬಸಿದು, ಮನೆಗಳ ನೀರಿನ ಗುಂಡಿಗಳನ್ನು ಕ್ರಮವಾಗಿ ತಪಾಸಣೆ ಮಾಡಿದ ಫಲವಾಗಿ ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ನೂರಕ್ಕಿಂತ ಕೆಳಗಿಳಿಯಿತು. ಇದು ರಾಸ್ ಅವರ ವಿಧಾನಕ್ಕೆ ದೊರೆತ ಅತ್ಯಂತ ಸ್ಪಷ್ಟವಾದ ಯಶಸ್ಸು.

ಮಿಯಾನ್ ಮೀರ್ ವಿವಾದ

ಭಾರತ ಸರ್ಕಾರ ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡು ಪ್ರದೇಶದಲ್ಲಿ 1902ರಿಂದ ಸೊಳ್ಳೆ ನಿಯಂತ್ರಣ ಪ್ರಯೋಗವೊಂದನ್ನು ನಡೆಸಿತು. ನೀರಾವರಿ ಕಾಲುವೆಗಳಿಂದ ಕೂಡಿದ ಆ ಸ್ಥಳದಲ್ಲಿ ಗುಂಡಿಗಳನ್ನು ಮುಚ್ಚುವ, ಎಣ್ಣೆ ಹಾಕುವ ಕೆಲಸ ನಡೆಯಿತು. ಸುತ್ತಲಿನ ಪ್ರದೇಶದಿಂದ ಸೊಳ್ಳೆಗಳು ಮತ್ತೆ ಬರುತ್ತವೆ, ರೋಗ ನಿರೀಕ್ಷಿಸಿದಷ್ಟು ಇಳಿಯಲಿಲ್ಲ ಎಂದು ಪ್ರಯೋಗ ನಡೆಸಿದ ಎಸ್. ಪಿ. ಜೇಮ್ಸ್ ಮತ್ತು ಎಸ್. ಆರ್. ಕ್ರಿಸ್ಟೋಫರ್ಸ್ ವರದಿ ಮಾಡಿದರು. ಇದರ ಆಧಾರದ ಮೇಲೆ, ಭಾರತದಂಥ ವಿಶಾಲ ದೇಶದಲ್ಲಿ ಸೊಳ್ಳೆಗಳ ನಿರ್ಮೂಲನ ಕಾರ್ಯಸಾಧ್ಯವಲ್ಲ, ಕ್ವಿನೈನ್ ಹಂಚಿಕೆಗೆ ಆದ್ಯತೆ ನೀಡುವುದು ಲೇಸು ಎಂಬ ಅಭಿಪ್ರಾಯ ಅಧಿಕಾರಿ ವಲಯದಲ್ಲಿ ಬಲಗೊಂಡಿತು.

ರಾಸ್ ಇದನ್ನು ತೀವ್ರವಾಗಿ ವಿರೋಧಿಸಿದರು. ಪ್ರಯೋಗಕ್ಕೆ ಆರಿಸಿದ ಪ್ರದೇಶ ತೀರ ಚಿಕ್ಕದು, ವೆಚ್ಚ ಮಾಡಿದ ಹಣ ಅತ್ಯಲ್ಪ, ಸೊಳ್ಳೆಗಳ ಎಣಿಕೆಯ ವಿಧಾನವೂ ಸಮರ್ಪಕವಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಅರೆಮನಸ್ಸಿನಿಂದ ಮಾಡಿದ ಕೆಲಸದ ವಿಫಲತೆಯನ್ನು ವಿಧಾನದ ವಿಫಲತೆ ಎಂದು ಕರೆಯುವುದು ತಪ್ಪು ಎಂದು ಅವರು ವಾದಿಸಿದರು. ಇನ್ನೊಂದೆಡೆ, ಪಟ್ಟಣಗಳಿಗೆ ಹೊಂದುವ ಕ್ರಮವನ್ನು ಗದ್ದೆ, ಕಾಲುವೆಗಳಿಂದ ಕೂಡಿದ ಹಳ್ಳಿಗಾಡಿಗೆ ವಿಸ್ತರಿಸುವ ವೆಚ್ಚವನ್ನು ರಾಸ್ ಕಡೆಗಣಿಸಿದ್ದಾರೆ ಎಂಬುದು ಅವರ ವಿಮರ್ಶಕರ ನಿಲುವಾಗಿತ್ತು. 1909ರಲ್ಲಿ ಸಿಮ್ಲಾದಲ್ಲಿ ನಡೆದ ಸಾಮ್ರಾಜ್ಯದ ಮಲೇರಿಯಾ ಸಮ್ಮೇಳನದವರೆಗೂ ಈ ಚರ್ಚೆ ಮುಂದುವರಿಯಿತು.

ರೋಗಪ್ರಸರಣದ ಗಣಿತ

ಮಿಯಾನ್ ಮೀರ್ ವಿವಾದಕ್ಕೆ ರಾಸ್ ನೀಡಿದ ಬಹುಮುಖ್ಯ ಉತ್ತರ ಗಣಿತದ ರೂಪದಲ್ಲಿತ್ತು. 1907–08ರಲ್ಲಿ ಮಾರಿಷಸ್ ದ್ವೀಪದ ಮಲೇರಿಯಾವನ್ನು ಅಧ್ಯಯನ ಮಾಡಿದ ಅವರು, ಜನಸಂಖ್ಯೆ, ರೋಗಿಗಳ ಪ್ರಮಾಣ ಮತ್ತು ಸೊಳ್ಳೆಗಳ ಸಂಖ್ಯೆಗಳ ನಡುವಿನ ಸಂಬಂಧವನ್ನು ಸಮೀಕರಣಗಳ ಮೂಲಕ ವಿವರಿಸಿದರು. ಒಂದು ಪ್ರದೇಶದ ಎಲ್ಲ ಸೊಳ್ಳೆಗಳನ್ನೂ ಕೊಲ್ಲುವ ಅಗತ್ಯವಿಲ್ಲ. ಅವುಗಳ ಸಂಖ್ಯೆ ನಿರ್ದಿಷ್ಟ ಮಿತಿಗಿಂತ ಕೆಳಗಿಳಿದರೆ ಹೊಸ ಸೋಂಕುಗಳು ಕ್ರಮೇಣ ಕಡಿಮೆಯಾಗಿ ರೋಗವು ತಾನಾಗಿಯೇ ನಶಿಸುತ್ತದೆ ಎಂದು ಅವರು ತೋರಿಸಿದರು. ಈ ವಿಚಾರಗಳು 1910ರಲ್ಲಿ ಮೊದಲು ಪ್ರಕಟವಾದ ಅವರ ‘ಪ್ರಿವೆನ್ಷನ್ ಆಫ್ ಮಲೇರಿಯಾ’ ಗ್ರಂಥದಲ್ಲಿವೆ. ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನು ಅಂದಾಜು ಮಾಡಲು ಇಂದು ಬಳಸುವ ಗಣಿತ ಮಾದರಿಗಳ ಮೂಲವನ್ನು ಈ ಕೃತಿಯಲ್ಲಿ ಗುರುತಿಸಲಾಗುತ್ತದೆ.

ಕೊನೆಯ ವರ್ಷಗಳು

1911ರಲ್ಲಿ ರಾಸ್ ಅವರಿಗೆ ಸರ್ ಪದವಿ ದೊರೆಯಿತು. ಮೊದಲ ಮಹಾಯುದ್ಧದ ಆರಂಭದಲ್ಲಿಯೇ, 1914ರಲ್ಲಿ, ಅವರ ಹಿರಿಯ ಮಗ ರಣರಂಗದಲ್ಲಿ ಮಡಿದರು. ಯುದ್ಧಕಾಲದಲ್ಲಿ ರಾಸ್ ಬ್ರಿಟಿಷ್ ಸೇನೆಗೆ ಮಲೇರಿಯಾ ಸಲಹೆಗಾರರಾಗಿದ್ದರು. 1923ರಲ್ಲಿ ಅವರ ಆತ್ಮಚರಿತ್ರೆ ಪ್ರಕಟವಾಯಿತು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಆರಂಭವಾಯಿತು. 1927ರ ಜನವರಿಯಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಆವರಣದಲ್ಲಿ ನಿರ್ಮಿಸಿದ ಸ್ಮಾರಕ ದ್ವಾರದ ಉದ್ಘಾಟನೆಗೆ ಅವರು ಭಾರತಕ್ಕೆ ಬಂದಿದ್ದರು. ಪತ್ನಿ ತೀರಿಕೊಂಡ ಮರುವರ್ಷ, 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಕರ್ನಾಟಕದಲ್ಲಿ ನಂತರದ ಬೆಳವಣಿಗೆಗಳು

ರಾಸ್ ಅವರು ಪ್ರತಿಪಾದಿಸಿದ ಕ್ರಮಗಳು ಮುಂದೆ ಕರ್ನಾಟಕದಲ್ಲಿ ಹಲವು ರೂಪಗಳಲ್ಲಿ ಜಾರಿಗೆ ಬಂದವು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಮೀಕ್ಷೆ ಮತ್ತು ನಿಯಂತ್ರಣ ಕಾರ್ಯ ಕೈಗೊಂಡಿತು. ಮರಿಹುಳುಗಳನ್ನು ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಎರಡನೆಯ ಮಹಾಯುದ್ಧದ ನಂತರ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಡಿ.ಡಿ.ಟಿ. ಸಿಂಪಡಣೆ ನಡೆದು ಉತ್ತಮ ಫಲ ನೀಡಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಅನುಭವಗಳು ನೆರವಾದವು. 1960ರ ದಶಕದ ಮಧ್ಯದಲ್ಲಿ ದೇಶದಲ್ಲಿ ಪ್ರಕರಣಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿದಿತ್ತು. ನಿಗಾ ಸಡಿಲಗೊಂಡು, ಸೊಳ್ಳೆಗಳು ಕೀಟನಾಶಕಗಳಿಗೆ ಒಗ್ಗಿಕೊಂಡ ಮೇಲೆ 1976ರಲ್ಲಿ ಅದು ಸುಮಾರು 64 ಲಕ್ಷಕ್ಕೆ ಏರಿತು.

ಇಂದಿನ ಬೆಂಗಳೂರಿನಲ್ಲಿ ಮಲೇರಿಯಾಕ್ಕಿಂತ ಡೆಂಗಿ ಹೆಚ್ಚಿನ ಸಮಸ್ಯೆಯಾಗಿದೆ. ಅದನ್ನು ಹರಡುವುದು ಈಡಿಸ್ ಸೊಳ್ಳೆ. 1896ರಲ್ಲಿ ರಾಸ್ ಇದೇ ಊರಿನಲ್ಲಿ ಮಲೇರಿಯಾಕ್ಕಾಗಿ ಪರೀಕ್ಷಿಸಿ ಫಲ ಕಾಣದೆ ಹೋದ ಪಟ್ಟೆಯ ಸೊಳ್ಳೆಗಳು ಇದೇ ಕುಲಕ್ಕೆ ಸೇರಿದವು. ಇದು ಹಗಲಿನಲ್ಲಿ ಕಚ್ಚುತ್ತದೆ. ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಹಳೆಯ ಟಯರು ಮುಂತಾದವುಗಳಲ್ಲಿ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಮಡಿವಾಳ, ಬಿ.ಟಿ.ಎಂ. ಬಡಾವಣೆ, ಜಯನಗರಗಳಂಥ ಜನನಿಬಿಡ ಪ್ರದೇಶಗಳಲ್ಲಿ ಕೆರೆ, ಚರಂಡಿಗಳ ನಿರ್ವಹಣೆಯೊಂದೇ ಡೆಂಗಿ ತಡೆಗೆ ಸಾಲುವುದಿಲ್ಲ. ಮನೆಮನೆಯ ತಪಾಸಣೆ ಅನಿವಾರ್ಯವಾಗುತ್ತದೆ. ಹೊಗೆ ಹಾಕುವುದರಿಂದ ಹಾರಾಡುವ ಸೊಳ್ಳೆಗಳು ಸಾಯುತ್ತವೆಯೇ ಹೊರತು ನೀರಿನಲ್ಲಿರುವ ಮರಿಹುಳುಗಳು ಉಳಿದುಕೊಳ್ಳುತ್ತವೆ.

2024ರಲ್ಲಿ ಡೆಂಗಿ ಪ್ರಕರಣಗಳು ಹೆಚ್ಚಿದಾಗ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವವರಿಗೆ ದಂಡ ನಿಗದಿಪಡಿಸಿತು. ನಗರ ಪ್ರದೇಶದ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ 1000 ರೂಪಾಯಿ, ಕಟ್ಟಡ ನಿರ್ಮಾಣ ಸ್ಥಳ ಮತ್ತು ಖಾಲಿ ನಿವೇಶನಗಳಿಗೆ 2000 ರೂಪಾಯಿ ದಂಡ ಗೊತ್ತುಪಡಿಸಲಾಯಿತು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ನಿಂತ ನೀರನ್ನು ಚೆಲ್ಲಿಸಬೇಕೆಂದು ರಾಸ್ ನೀಡಿದ್ದ ಸಲಹೆ ಹೀಗೆ ಕಾನೂನಿನ ರೂಪ ಪಡೆಯಿತು.